ಕರೇರಾ, ರಾಫೆಲ್

1814-1865. ಗ್ವಾಟೆಮಾಲಾ ಗಣರಾಜ್ಯದ ಸ್ಥಾಪಕ. 1814ರ ಅಕ್ಟೋಬರ್ 24ರಂದು ಗ್ವಾಟೆಮಾಲಾ ನಗರದ ಬಡ ಮೆಸ್ಟಿಸೊ (ಯುರೋಪಿಯನ್-ಮೂಲನಿವಾಸಿ ಮಿಶ್ರ ಮೂಲದ) ಕುಟುಂಬದಲ್ಲಿ ಹುಟ್ಟಿದ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹುಡುಗನಾಗಿದ್ದಾಗಲೇ ಸೈನ್ಯ ಸೇರಿ ಡೋಲು ಬಾರಿಸಿದ. ಆಮೇಲೆ ಮತಾಕೆಸ್ಕ್ವಿಂತ್ಲಾ ಎಂಬ ಬೆಟ್ಟದೂರಿನಲ್ಲಿ ನೆಲೆಸಿ ಹಂದಿ ವ್ಯಾಪಾರ ಮಾಡಿಕೊಂಡಿದ್ದ.

ಈತನನ್ನು ರಾಜಕೀಯಕ್ಕೆ ಎಳೆತಂದದ್ದು 1837ರ ಕಾಲರಾ. ಆಗ ಗ್ವಾಟೆಮಾಲಾ ಮಧ್ಯ ಅಮೆರಿಕ ಒಕ್ಕೂಟದ ಒಂದು ರಾಜ್ಯ. ಅದರ ಉದಾರವಾದಿ ಮುಖ್ಯಸ್ಥ ಮಾರಿಯಾನೊ ಗಾಲ್ವೆಸ್ ತಲೆಗಂದಾಯ ಹೇರಿದ್ದ. ಲೂಸಿಯಾನಾ ರಾಜ್ಯಕ್ಕೆಂದು ಬರೆದಿದ್ದ ಕಾನೂನು ಸಂಹಿತೆಯನ್ನು ತರ್ಜುಮೆ ಮಾಡಿಸಿ ಜಾರಿಗೆ ತಂದಿದ್ದ. ಓದುಬರಹವಿಲ್ಲದ ಹಳ್ಳಿಗರು ಇನ್ನು ಜ್ಯೂರಿಗಳಾಗಿ ಕೂರಬೇಕಿತ್ತು, ಹೊಸ ಜೈಲುಗಳಿಗೆ ಬಿಟ್ಟಿ ದುಡಿಯಬೇಕಿತ್ತು. ರೋಗ ಹಬ್ಬಿದಾಗ ಸರ್ಕಾರ ಊರುಗಳಿಗೆ ದಿಗ್ಬಂಧನ ಹಾಕಿ ವೈದ್ಯರನ್ನು ಕಳಿಸಿತು. ಅವರು ನೀರಿಗೆ ಔಷಧಿ ಬೆರೆಸುವುದನ್ನು ಕಂಡವರು ವಿಷವೆಂದೇ ನಂಬಿದರು. ಚರ್ಚಿನ ಹಿಡಿತ ತಪ್ಪಿದ್ದಕ್ಕೆ ಕುದಿಯುತ್ತಿದ್ದ ಪಾದ್ರಿಗಳು ಉರಿಯುವ ಬೆಂಕಿಗೆ ತುಪ್ಪ ಸುರಿದರು. ದಂಗೆಯೆದ್ದ ಹಳ್ಳಿಗರಿಗೆ ಕರೇರಾ ನಾಯಕನಾದ. 1838ರ ಆರಂಭದಲ್ಲಿ ಅವನ ದಂಡು ರಾಜಧಾನಿಗೆ ನುಗ್ಗಿತು, ಗಾಲ್ವೆಸ್ ಅಧಿಕಾರ ಬಿಟ್ಟ.

1840ರ ಮಾರ್ಚ್‌ನಲ್ಲಿ ಒಕ್ಕೂಟದ ನಾಯಕ ಫ್ರಾನ್ಸಿಸ್ಕೊ ಮೊರಾಸಾನ್ ರಾಜಧಾನಿಯನ್ನು ಹಿಡಿದ. ಆದರೆ ಕರೇರಾ ತನ್ನ ಬಹುಪಾಲು ಪಡೆಯನ್ನು ಊರಾಚೆ ಇರಿಸಿದ್ದ. ಮರುದಿನವೇ ಸುತ್ತಲಿಂದ ಮುಗಿಬಿದ್ದು ಮೊರಾಸಾನನನ್ನು ಓಡಿಸಿದ. ಪ್ರತ್ಯೇಕ ರಾಜ್ಯವಾಗಿದ್ದ ಲೋಸ್ ಆಲ್ತೋಸನ್ನು ಅದೇ ವರ್ಷ ಮರಳಿ ಸೇರಿಸಿಕೊಂಡು, ಅಲ್ಲಿನ ಕೆತ್ಸಾಲ್ತೆನಾಂಗೊ ನಗರಸಭೆಯ ಪ್ರಮುಖರನ್ನು ಗುಂಡಿಕ್ಕಿ ಕೊಲ್ಲಿಸಿದ. ಈ ಕ್ರೌರ್ಯವನ್ನು ಮರೆಮಾಚುವಂತಿಲ್ಲ.

1844ರಲ್ಲಿ ಅಧಿಕಾರಕ್ಕೆ ಬಂದು, 1847ರ ಮಾರ್ಚ್ 21ರಂದು ಗ್ವಾಟೆಮಾಲಾ ಸ್ವತಂತ್ರ ಗಣರಾಜ್ಯವೆಂದು ಘೋಷಿಸಿದ. ಮರುವರ್ಷ ಅಧಿಕಾರ ತ್ಯಜಿಸಿ ಮೆಕ್ಸಿಕೊಗೆ ಹೋದರೂ 1849ರಲ್ಲಿ ಹಿಂತಿರುಗಿದ. 1851ರ ಫೆಬ್ರುವರಿ 2ರಂದು ಲಾ ಅರಾಡಾದಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್‌ಗಳ ದೊಡ್ಡ ಸೈನ್ಯವನ್ನು ಸೋಲಿಸಿದ ಮೇಲೆ ಎದುರಾಳಿಗಳ ಬಲ ಕುಗ್ಗಿತು. 1854ರಲ್ಲಿ ಆಜೀವ ಅಧ್ಯಕ್ಷನಾದ. 1852ರಲ್ಲಿ ವ್ಯಾಟಿಕನ್ ಜೊತೆ ಒಪ್ಪಂದವಾಗಿ ಚರ್ಚಿಗೆ ಹಳೆಯ ಸ್ಥಾನ ಸಿಕ್ಕಿತು. 1859ರ ಒಪ್ಪಂದದಲ್ಲಿ ಬೆಲೀಜ್ ಮೇಲೆ ಬ್ರಿಟನ್ನಿನ ಹಿಡಿತವನ್ನು ಮಾನ್ಯ ಮಾಡಿದ್ದು ಮುಂದೆ ಬಗೆಹರಿಯದ ಗಡಿ ತಕರಾರಾಯಿತು.

ಉದಾರವಾದಿಗಳು ಬರೆದ ಚರಿತ್ರೆಯಲ್ಲಿ ಕರೇರಾ ಪಾದ್ರಿಗಳ ಕೈಗೊಂಬೆ, ಅನಾಗರಿಕ. ಹಳ್ಳಿಗಳ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಸಾಮುದಾಯಿಕ ಜಮೀನಿನ ವ್ಯಾಜ್ಯಗಳಲ್ಲಿ ಆತನ ಸರ್ಕಾರ ಬಹುಮಟ್ಟಿಗೆ ಮೂಲನಿವಾಸಿಗಳ ಪರ ನಿಂತಿತು. ಅಂದಿನ ಮುಖ್ಯ ರಫ್ತು ಕೊಚಿನಿಲ್, ಅಂದರೆ ಪಾಪಾಸುಕಳ್ಳಿಯ ಮೇಲೆ ಸಾಕಿ, ಒಣಗಿಸಿ ಕೆಂಪು ಬಣ್ಣ ತೆಗೆಯುವ ಪುಟ್ಟ ಕೀಟ. ಅದಕ್ಕೆ ಕಾಫಿ ತೋಟದಷ್ಟು ನೆಲ ಬೇಕಿರಲಿಲ್ಲವಾದ್ದರಿಂದ ಜಮೀನಿನ ಮೇಲಿನ ಒತ್ತಡವೂ ಕಡಿಮೆಯಿತ್ತು.

ಕರೇರಾ 1865ರ ಏಪ್ರಿಲ್ 14ರಂದು ತೀರಿಕೊಂಡ. ಉತ್ತರಾಧಿಕಾರಿ ವಿಸೆಂತೆ ಸೆರ್ನಾ 1871ರ ಉದಾರವಾದಿ ಕ್ರಾಂತಿಯಲ್ಲಿ ಪದಚ್ಯುತನಾದ. ಮುಂದೆ ಹುಸ್ತೊ ರುಫೀನೊ ಬಾರಿಯೋಸ್‌ನ ಆಡಳಿತದಲ್ಲಿ ಹಳ್ಳಿಗಳ ಸಾಮುದಾಯಿಕ ಜಮೀನು ಕಾಫಿ ತೋಟಗಳ ಪಾಲಾಗತೊಡಗಿತು.