ನಡುರಾತ್ರಿಯ ಸಂಗೀತ ವೇದಿಕೆ: ಅಮೆರಿಕದ ದೂರದರ್ಶನದಲ್ಲಿ ಅತಿಥಿ ನಿರೂಪಕರ ಪದ್ಧತಿ

ಅಮೆರಿಕದ ದೂರದರ್ಶನದಲ್ಲಿ ರಾಕ್ ಸಂಗೀತಕ್ಕೆ ಬಹುಕಾಲ ದೊರೆತದ್ದು ಇಕ್ಕಟ್ಟಾದ ಜಾಗ. 1948ರಿಂದ 1971ರವರೆಗೆ ನಡೆದ ಎಡ್ ಸಲಿವನ್ ಅವರ ವೈವಿಧ್ಯ ಕಾರ್ಯಕ್ರಮದಲ್ಲಿ, ಎಂದರೆ ಹಾಡು, ಹಾಸ್ಯ, ಕಸರತ್ತುಗಳನ್ನು ಒಂದೇ ವೇದಿಕೆಗೆ ತರುವ ಪ್ರಕಾರದಲ್ಲಿ, ವಾದ್ಯತಂಡಗಳಿಗೆ ಕೆಲವೇ ನಿಮಿಷಗಳು ಸಿಗುತ್ತಿದ್ದವು. 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್'ನಲ್ಲಿ ಗಾಯಕರು ಸಾಮಾನ್ಯವಾಗಿ ಧ್ವನಿಮುದ್ರಿಕೆಗೆ ತಕ್ಕಂತೆ ತುಟಿಯಾಡಿಸುತ್ತಿದ್ದರು. ನಿರೂಪಕರನ್ನು ವಾರವಾರವೂ ಬದಲಿಸುವ ಪದ್ಧತಿ 'ಹಾಲಿವುಡ್ ಪ್ಯಾಲೇಸ್' (1964–70), 'ಹಲ್ಲಬಲೂ' (1965–66) ಕಾರ್ಯಕ್ರಮಗಳಲ್ಲಿ ಆಗಲೇ ರೂಢಿಯಲ್ಲಿತ್ತಾದರೂ, ಅವು ಮನೆಮಂದಿಯೆಲ್ಲ ಕೂಡಿ ನೋಡುವ ಸಂಜೆಯ ಹೊತ್ತಿನವಾಗಿದ್ದವು.

ಈ ಪದ್ಧತಿಯನ್ನು ನಡುರಾತ್ರಿಗೆ ತಂದವರು ನಿರ್ಮಾಪಕ ಬರ್ಟ್ ಶುಗರ್‌ಮನ್. ಜಾನಿ ಕಾರ್ಸನ್ ಅವರ 'ಟುನೈಟ್ ಶೋ' ಮುಗಿದ ಮೇಲೆ ಎನ್‌ಬಿಸಿ ಜಾಲದ ಪ್ರಸಾರವೂ ಮುಗಿಯುತ್ತಿದ್ದುದರಿಂದ ಆ ಹೊತ್ತು ಬರಿದಾಗಿತ್ತು. 1971ರ ಜನವರಿಯಿಂದ ಸಿಗರೇಟು ಜಾಹೀರಾತುಗಳು ನಿಷೇಧಗೊಂಡು ಪ್ರಸಾರ ಜಾಲಗಳ ಆದಾಯಕ್ಕೂ ಪೆಟ್ಟುಬಿದ್ದಿತ್ತು. ಆದರೂ ಎನ್‌ಬಿಸಿ ಹಿಂಜರಿದಾಗ ಶುಗರ್‌ಮನ್ ಪ್ರಸಾರದ ಅವಧಿಯನ್ನು ತಾವೇ ಕೊಂಡು, ಶೆವರ್ಲೆ ಕಂಪನಿಯನ್ನು ಪ್ರಾಯೋಜಕತ್ವಕ್ಕೆ ಒಪ್ಪಿಸಿ, 1972ರ ಆಗಸ್ಟ್ 19ರಂದು 'ದಿ ಮಿಡ್‌ನೈಟ್ ಸ್ಪೆಷಲ್'ನ ಮೊದಲ ಪ್ರಯೋಗವನ್ನು ಬಿತ್ತರಿಸಿದರು. ಜಾನ್ ಡೆನ್ವರ್ ನಿರೂಪಿಸಿದ ಈ ಕಾರ್ಯಕ್ರಮ, ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕುವಂತೆ ಯುವಜನರನ್ನು ಹುರಿದುಂಬಿಸಿತು. 1973ರ ಫೆಬ್ರವರಿ 2ರಂದು ಹೆಲೆನ್ ರೆಡ್ಡಿ ಅವರ ನಿರೂಪಣೆಯಲ್ಲಿ, ಪ್ರತಿ ಶುಕ್ರವಾರ ರಾತ್ರಿ ಒಂದು ಗಂಟೆಗೆ ಆರಂಭವಾಗುವ ತೊಂಬತ್ತು ನಿಮಿಷಗಳ ಸರಣಿ ಮೊದಲಾಯಿತು.

ಈ ಸರಣಿಯ ನಿಜವಾದ ಸಾಧನೆಯನ್ನು ಅದರ ರಚನೆಯಲ್ಲೇ ಕಾಣಬೇಕು. ಇಲ್ಲಿನ ಅತಿಥಿ ನಿರೂಪಕರು ಹೆಚ್ಚಾಗಿ ಸ್ವತಃ ಗಾಯಕರಾಗಿದ್ದು, ಉಳಿದ ಕಲಾವಿದರನ್ನು ಪರಿಚಯಿಸುವುದರ ಜೊತೆಗೆ ತಾವೂ ಹಾಡುತ್ತಿದ್ದುದರಿಂದ, ನಿರೂಪಕರು ಬದಲಾದಂತೆ ರಾತ್ರಿಯ ಸಂಗೀತದ ಬಣ್ಣವೂ ಬದಲಾಗುತ್ತಿತ್ತು. ರೇ ಚಾರ್ಲ್ಸ್ ಅಥವಾ ಗ್ಲಾಡಿಸ್ ನೈಟ್ ಅವರ ರಾತ್ರಿ ಸೋಲ್, ಎಂದರೆ ಚರ್ಚಿನ ಗಾಯನದಿಂದ ಬೆಳೆದ ಕರಿಯರ ಭಾವಗಾಯನ, ಅತಿಥಿಯಾಗಿ ಬರುವ ಬದಲು ಆತಿಥೇಯನ ಸ್ಥಾನವನ್ನೇ ಪಡೆಯುತ್ತಿತ್ತು. ಹಾಡುಗಳನ್ನು ಬಹುಪಾಲು ಪ್ರೇಕ್ಷಕರ ಮುಂದೆಯೇ ಹಾಡಿ ಚಿತ್ರೀಕರಿಸುತ್ತಿದ್ದುದರಿಂದ ಕೊರಳಿನ ಏರಿಳಿತ, ತಾಳದ ಹಿಗ್ಗುಕುಗ್ಗುಗಳೆಲ್ಲ ಹಾಗೆಯೇ ಉಳಿದಿವೆ, ಮತ್ತು ಅಂದಿನ ಗಾಯನವನ್ನು ಅಭ್ಯಸಿಸುವವರಿಗೆ ಇದಕ್ಕಿಂತ ಬೆಲೆಯುಳ್ಳ ದಾಖಲೆ ಅಪರೂಪ. ಬದಲಾಗುವ ಮುಖಗಳ ನಡುವೆ ಬಾನುಲಿಯಿಂದ ಬಂದ ವುಲ್ಫ್‌ಮ್ಯಾನ್ ಜ್ಯಾಕ್ ಅವರ ಒರಟು ಕಂಠ ಸರಣಿಯನ್ನು ಒಂದಾಗಿ ಹಿಡಿದಿಟ್ಟಿತು. ಡೇವಿಡ್ ಬೋವಿ 1973ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಚಿತ್ರೀಕರಿಸಿದ ಕಂತು ಈ ಸ್ವಾತಂತ್ರ್ಯದ ತುತ್ತತುದಿ: ಅಲ್ಲಿ ಅತಿಥಿಯೊಬ್ಬನ ಕಲ್ಪನೆಗೆ ಇಡೀ ಕಾರ್ಯಕ್ರಮವೇ ಒಗ್ಗಿಕೊಂಡಿತು.

ಎಬಿಸಿಯ 'ಇನ್ ಕನ್ಸರ್ಟ್' (1972), 'ಡಾನ್ ಕರ್ಶ್ನರ್ಸ್ ರಾಕ್ ಕನ್ಸರ್ಟ್' (1973) ಇದೇ ಪ್ರೇಕ್ಷಕರನ್ನು ಅರಸಿದವು. 1975ರ ಅಕ್ಟೋಬರ್‌ನಲ್ಲಿ ಎನ್‌ಬಿಸಿಯಲ್ಲೇ ಆರಂಭವಾದ 'ಸ್ಯಾಟರ್ಡೇ ನೈಟ್ ಲೈವ್' ಅತಿಥಿ ನಿರೂಪಕರ ಪದ್ಧತಿಯನ್ನು ಉಳಿಸಿಕೊಂಡಿತಾದರೂ ಹಾಸ್ಯವನ್ನು ಮುಖ್ಯವಾಗಿಸಿ, ಸಂಗೀತವನ್ನು ಒಂದೆರಡು ಹಾಡುಗಳಿಗೆ ಇಳಿಸಿತು. 'ಮಿಡ್‌ನೈಟ್ ಸ್ಪೆಷಲ್' ನಿಂತದ್ದು 1981ರಲ್ಲಿ. ಅದೇ ವರ್ಷದ ಆಗಸ್ಟ್ 1ರಂದು ಆರಂಭವಾದ ಎಂಟಿವಿ, ಮೊದಲೇ ಸಿದ್ಧಪಡಿಸಿದ ಹಾಡಿನ ವೀಡಿಯೊಗಳನ್ನು ಹಗಲಿರುಳೂ ತೋರಿಸತೊಡಗಿತು.