ಬೇತಮಂಗಲದ ದೋಣಿ, ಗಣಿಯ ಉಸಿರು

ಕೋಲಾರ ಜಿಲ್ಲೆಯಲ್ಲಿ ದೋಣಿಯ ಮಾತೆತ್ತಿದರೆ ಕೇಳಿದವರು ನಗುತ್ತಾರೆ. ಕುಡಿಯುವ ನೀರಿಗೇ ಬಿಂದಿಗೆಯ ಸಾಲು ಇಟ್ಟು ಕಾಯುವ ಜನಕ್ಕೆ ದೋಣಿ ಎಲ್ಲಿಂದ ಬರಬೇಕು? ಆದರೂ ನಮ್ಮ ಕೋರಮಂಡಲ್‌ಗೆ ಹೆಚ್ಚು ದೂರವಿಲ್ಲದ ಬೇತಮಂಗಲದಲ್ಲಿ ಪಾಲಾರಿಗೆ ಅಡ್ಡಲಾಗಿ ಏರಿ ಹಾಕಿದ ದೊಡ್ಡ ಕೆರೆಯಿದೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದ ಏರಿಯನ್ನು ಮತ್ತೆ ಕಟ್ಟಿಸಿದ ಸಂಗತಿ ಶಾಸನಗಳಲ್ಲೇ ಇದೆ. ಶತಮಾನಗಳ ಕಾಲ ಗದ್ದೆಗೆ ಹರಿದ ಈ ಕೆರೆಯ ನೀರು 20ನೇ ಶತಮಾನದ ಆರಂಭದಲ್ಲಿ ಕೊಳವೆ ಹತ್ತಿ ಚಿನ್ನದ ಗಣಿಗೂ ಬಂತು. ಗಣಿಯ ದೊರೆಗಳು ರಜೆಯ ದಿನ ಅಲ್ಲಿ ದೋಣಿ ನಡೆಸುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳುತ್ತಲೇ ನಾನು ಬೆಳೆದೆ.

ನನ್ನ ಹಾಗೆ ಐವತ್ತು ದಾಟಿದವರು, ಎಪ್ಪತ್ತಾದವರು ಕೂಡ, ದೋಣಿ ಸ್ಪರ್ಧೆಗೆ ಇಳಿಯುತ್ತಾರೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕೆರೆ. ಅಂತಾರಾಷ್ಟ್ರೀಯ ರೋಯಿಂಗ್ ಒಕ್ಕೂಟ ಹಿರಿಯರಿಗಾಗಿಯೇ ಪ್ರತ್ಯೇಕ ಸ್ಪರ್ಧೆ ನಡೆಸುತ್ತದೆ. ಅಲ್ಲಿ ‘ಹಿರಿಯರು’ ಎನ್ನುವುದು 27ನೇ ವಯಸ್ಸಿಗೇ ಶುರುವಾಗುತ್ತದೆ! ಮುಂದೆ 36, 43, 50, 55, 60 ಎಂದು ಮೆಟ್ಟಿಲು ಮೆಟ್ಟಿಲಾಗಿ ಗುಂಪುಗಳಿವೆ. ದೋಣಿಯಲ್ಲಿ ಕೂತವರ ಸರಾಸರಿ ವಯಸ್ಸು ನೋಡಿ ಗುಂಪು ಗೊತ್ತುಮಾಡುತ್ತಾರೆ. ಒಲಿಂಪಿಕ್ಸ್‌ನಲ್ಲಿ 2000 ಮೀಟರ್, ಇವರಿಗೆ 1000 ಮೀಟರ್.

ಹುಟ್ಟು ಹಾಕುವುದು ತೋಳಿನ ಕೆಲಸವೆಂದು ದಡದಲ್ಲಿ ನಿಂತವರಿಗೆ ಕಾಣುತ್ತದೆ. ಸ್ಪರ್ಧೆಯ ದೋಣಿಯಲ್ಲಿ ಪೀಠ ಜಾರುತ್ತದೆ. ಮಂಡಿ ಮಡಿಸಿ ಮುಂದಕ್ಕೆ ಬಂದು, ಪಾದ ಊರಿ ಹಿಂದಕ್ಕೆ ತಳ್ಳಬೇಕು. ಬಲದ ಹೆಚ್ಚಿನ ಪಾಲು ತೊಡೆಯಿಂದ ಬರುತ್ತದೆ, ಆಮೇಲೆ ಸೊಂಟ, ಬೆನ್ನು, ತೋಳಿನ ಸರದಿ ಕೊನೆಗೆ. ಇದೆಲ್ಲಕ್ಕೂ ಬಂಡವಾಳ ಉಸಿರು. ಮೂವತ್ತರ ನಂತರ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಇಳಿಯುತ್ತದೆ. ಬಿಡದೆ ಅಭ್ಯಾಸ ಮಾಡುವವರಲ್ಲಿ ಈ ಇಳಿತ ಎಷ್ಟೋ ನಿಧಾನ. ಆದ್ದರಿಂದ ಹಿರಿಯರ ತರಬೇತಿಯಲ್ಲಿ ಬಹುಪಾಲು ಹೊತ್ತು, ಪಕ್ಕದವರೊಡನೆ ಮಾತಾಡಿಕೊಂಡು ಹುಟ್ಟು ಹಾಕುವಷ್ಟು ನಿಧಾನದ ಓಟ. ಏದುಸಿರು ಬರುವ ಕಠಿಣ ಸುತ್ತು ವಾರಕ್ಕೆ ಒಂದೋ ಎರಡೋ. ಸ್ನಾಯು ಕರಗದಂತೆ, ಎಲುಬು ಸವೆಯದಂತೆ ಭಾರ ಎತ್ತುವ ಅಭ್ಯಾಸ ಬೇರೆ. ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುವ ನಮ್ಮಂಥ ಹೆಂಗಸರಿಗೆ ಇದು ಇನ್ನೂ ಮುಖ್ಯವಂತೆ. ನಮಗೋ ಗ್ಯಾಸ್ ಸಿಲಿಂಡರ್ ಎತ್ತಬೇಡಿ ಎನ್ನುವವರೇ ಹೆಚ್ಚು. ಇಪ್ಪತ್ತರ ಹುಡುಗ ಒಂದು ರಾತ್ರಿ ಮಲಗಿ ಕಳೆದುಕೊಳ್ಳುವ ದಣಿವಿಗೆ ಐವತ್ತರವರಿಗೆ ಎರಡು ದಿನ ಬೇಕಾಗಬಹುದು. ಆ ವಿಶ್ರಾಂತಿಯನ್ನೂ ತರಬೇತಿಯ ಲೆಕ್ಕಕ್ಕೇ ಹಿಡಿಯುತ್ತಾರೆ.

ವಯಸ್ಸಾದ ಮೇಲೆ ಗೆದ್ದವರು ಹಿಂದೆಯೂ ಇದ್ದರು. 1908ರ ಲಂಡನ್ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಗಳು ಥೇಮ್ಸ್ ನದಿಯ ಹೆನ್ಲಿಯಲ್ಲಿ ನಡೆದವು. ಎಂಟು ಜನರ ದೋಣಿಯಲ್ಲಿ ಬ್ರಿಟನ್ನಿಗೆ ಚಿನ್ನ ತಂದವರಲ್ಲಿ ಗೈ ನಿಕಲ್ಸ್ ಎಂಬಾತನಿಗೆ ಆಗ 41 ವರ್ಷ. ಈಟನ್ ಶಾಲೆ, ಆಕ್ಸ್‌ಫರ್ಡ್‌ಗಳಲ್ಲಿ ಓದಿದವನು. ಷೇರು ಪೇಟೆಯ ಉದ್ಯೋಗ. ಆತನ ಪರಿಶ್ರಮವನ್ನು ಹಗುರ ಮಾಡುವ ಇಚ್ಛೆ ನನಗಿಲ್ಲ. ಆದರೆ ಅದೇ 1908ರಲ್ಲಿ 41 ವರ್ಷದ ನಮ್ಮ ಗಣಿಕೆಲಸಗಾರ ಹೇಗಿದ್ದಿರಬಹುದು ಎಂದು ಕೇಳದಿರಲು ಇತಿಹಾಸ ಪಾಠ ಹೇಳುವ ನನಗೆ ಆಗುವುದಿಲ್ಲ.

ಹೆನ್ಲಿಯಲ್ಲಿ ಒಂದು ನಿಯಮವಿತ್ತು. 1879ರಲ್ಲಿ ಬರೆದದ್ದು. ಕೂಲಿಗಾಗಿ ಕೈಕೆಲಸ ಮಾಡುವವನು, ಕುಶಲಕರ್ಮಿ, ಕಾರ್ಮಿಕ, ಇವರಾರೂ ಹವ್ಯಾಸಿ ಕ್ರೀಡಾಪಟುಗಳಲ್ಲ, ಸ್ಪರ್ಧಿಸುವಂತಿಲ್ಲ ಎಂದು. ಮೈ ದಂಡಿಸಿ ದುಡಿಯುವವನಿಗೆ ಬಲದಲ್ಲಿ ಅನ್ಯಾಯದ ಲಾಭವಿದೆ ಎಂಬುದು ಅವರು ಕೊಡುತ್ತಿದ್ದ ಸಮರ್ಥನೆಗಳಲ್ಲೊಂದು. ಅದರ ಮರುವರ್ಷ, 1880ರಲ್ಲಿ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಮ್ಮ ಗಣಿಗಳ ಉಸ್ತುವಾರಿಗೆ ಕೈಹಾಕಿತು. ಚಾಂಪಿಯನ್ ರೀಫ್ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಆ ಸೆಕೆಯಲ್ಲಿ ಬಂಡೆ ಕೊರೆದವರ ತೊಡೆ, ಬೆನ್ನು, ತೋಳಿಗೆ ಯಾವ ದೋಣಿ ಸಾಟಿ? ಅವರು ಆ ‘ಲಾಭ’ವನ್ನು ಎಷ್ಟು ವರ್ಷ ಅನುಭವಿಸಿದರು ಎಂಬುದೇ ಪ್ರಶ್ನೆ.

ಬೆಣಚುಕಲ್ಲು ಕೊರೆದಾಗ ಏಳುವ ನುಣ್ಣನೆಯ ದೂಳು ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ಸುತ್ತಲಿನ ಮೆತ್ತನೆಯ ಅಂಗಾಂಶ ಗಂಟುಗಟ್ಟುತ್ತದೆ. ಸಿಲಿಕೋಸಿಸ್ ಎನ್ನುವುದು ಅದಕ್ಕೇ. 1940ರ ದಶಕದಲ್ಲಿ ಇಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ 40ಕ್ಕೂ ಮೇಲ್ಪಟ್ಟವರಲ್ಲಿ ಈ ರೋಗದ ಗುರುತು ಕಂಡಿತು. ಕೊರೆಯುವಾಗ ನೀರು ಬಿಡುವ ಪದ್ಧತಿಯಿಂದ ದೂಳು ತಗ್ಗಿತು ನಿಜ, ಆದರೆ ಒಳಗೆ ಸೇರಿದ್ದನ್ನು ತೊಳೆಯುವ ನೀರು ಬೇತಮಂಗಲದಲ್ಲೂ ಇರಲಿಲ್ಲ. ನಮ್ಮ ಲೈನಿನಲ್ಲಿ ಡ್ರಿಲ್ಲಿನ ಕೆಲಸದಿಂದ ನಿವೃತ್ತರಾದ ತಾತ ಒಬ್ಬರಿದ್ದರು. ಕಂಬದಂಥ ಆಳು. ನಲ್ಲಿಯಿಂದ ಮನೆಗೆ ಒಂದು ಕೊಡ ನೀರು ತರುವಷ್ಟರಲ್ಲಿ ಮೂರು ಕಡೆ ಕೊಡ ಇಳಿಸಿ ನಿಲ್ಲುತ್ತಿದ್ದರು. ಮಕ್ಕಳು ಓಡಿಹೋಗಿ ಕೇಳಿದರೂ ಕೊಡವನ್ನು ಕೊಡುತ್ತಿರಲಿಲ್ಲ. ಹಿರಿಯರ ತರಬೇತಿಯ ಬಗ್ಗೆ ಏನೇ ಓದಿದರೂ ನನಗೆ ಆ ಮೂರು ನಿಲ್ದಾಣಗಳು ಕಣ್ಣಮುಂದೆ ಬರುತ್ತವೆ. ಅಭ್ಯಾಸದಿಂದ ಉಳಿಸಿಕೊಳ್ಳಬಹುದಾದ ಉಸಿರು ಅವರ ಪಾಲಿಗೆ ಮೊದಲೇ ಖರ್ಚಾಗಿತ್ತು.

ಈ ಕ್ರೀಡೆ ನಮ್ಮ ದೇಶದಲ್ಲೂ ಬಹುಕಾಲ ಕ್ಲಬ್ಬಿನವರದ್ದೇ ಆಗಿತ್ತು. ಕಲ್ಕತ್ತೆಯ ರೋಯಿಂಗ್ ಕ್ಲಬ್ 1858ರದ್ದು, ಮದ್ರಾಸಿನ ಬೋಟ್ ಕ್ಲಬ್ 1867ರದ್ದು. ಸೈನ್ಯ ಇದನ್ನು ಕೈಗೆತ್ತಿಕೊಂಡ ಮೇಲೆ ಹಳ್ಳಿಯ ಹುಡುಗರು ದೋಣಿ ಹತ್ತಿದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಒಂಟಿ ದೋಣಿಯಲ್ಲಿ 13ನೆಯವನಾಗಿ ಬಂದ ದತ್ತು ಭೋಕನಳ್ ನಾಸಿಕ ಜಿಲ್ಲೆಯ ಬರದ ಊರಿನವನು; ಸೈನ್ಯಕ್ಕೆ ಸೇರುವ ಮುನ್ನ ತಂದೆಯೊಡನೆ ಬಾವಿ ತೋಡುತ್ತಿದ್ದ. ಹೆನ್ಲಿಯ ಹಳೆಯ ನಿಯಮದಲ್ಲಿ ಅವನಿಗೆ ಜಾಗವಿರುತ್ತಿರಲಿಲ್ಲ.

ಆ ನಿಯಮವನ್ನು ಹೆನ್ಲಿಯವರು ಕೈಬಿಟ್ಟದ್ದು 1937ರಲ್ಲಿ, ಅದೂ ಹಿಂದಿನ ವರ್ಷ ಪೊಲೀಸರಿದ್ದ ಆಸ್ಟ್ರೇಲಿಯಾದ ತಂಡವನ್ನು ಹೊರಗಿಟ್ಟು ಟೀಕೆಗೊಳಗಾದ ಮೇಲೆ. ದೂಳಿನಿಂದ ಉಸಿರು ಕಳೆದುಕೊಂಡ ಗಣಿಕಾರ್ಮಿಕನಿಗೆ ಪರಿಹಾರ ಕೊಡುವ ನಿಯಮ ಮೈಸೂರು ಸಂಸ್ಥಾನದಲ್ಲಿ ಬಂದದ್ದು 1940ರಲ್ಲಿ. ಗಣಿ ಶುರುವಾಗಿ ಆಗಲೇ ಅರವತ್ತು ವರ್ಷವಾಗಿತ್ತು.