ಉರಿಯೂತ ಮತ್ತು ರಕ್ತದ ಹೆಪ್ಪು

ಕೀಲುನೋವೆಂದು ಹೋದವರಿಗೆ ವೈದ್ಯರು ಇಂದಿಗೂ ಬರೆದುಕೊಡುವ ಇಎಸ್‌ಆರ್ ಪರೀಕ್ಷೆ ತೀರಾ ಸರಳ. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಸಪುರ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವೆಂದು ನೋಡುವುದು, ಅಷ್ಟೆ. ಉರಿಯೂತವಿದ್ದರೆ ಅವು ಬೇಗ ಇಳಿಯುತ್ತವೆ.

ಈ ತಿಳಿವಳಿಕೆ ಪರೀಕ್ಷೆಗಿಂತ ಹಳೆಯದು. ನೆತ್ತರು ತೆಗೆದೇ ಚಿಕಿತ್ಸೆ ಮಾಡುತ್ತಿದ್ದ ಕಾಲದ ಯುರೋಪಿನ ವೈದ್ಯರು, ಬಟ್ಟಲಿನ ರಕ್ತದ ಮೇಲೆ ಕಟ್ಟುವ ಮಾಸಲು ಕೆನೆಯನ್ನು ಉರಿಯೂತದ ಗುರುತೆಂದು ಓದುತ್ತಿದ್ದರು. 1897ರಲ್ಲಿ ಪೋಲಿಷ್ ವೈದ್ಯ ಎಡ್ಮಂಡ್ ಬಿಯರ್ನಾಟ್ಸ್ಕಿ ಇಳಿಯುವ ವೇಗಕ್ಕೂ ಫೈಬ್ರಿನೋಜನ್ ಎಂಬ ಪ್ರೋಟೀನಿಗೂ ನಂಟಿದೆ ಎಂದರು. ಸ್ವೀಡನ್ನಿನ ಫೋರಿಯಸ್ 1918ರಲ್ಲಿ ಕಣಗಳು ಬೇಗ ಇಳಿಯುವುದನ್ನು ಬಸುರಿಯರ ರಕ್ತದಲ್ಲಿ ಕಂಡರು. ಗರ್ಭಪರೀಕ್ಷೆಗೆ ಒದಗೀತೆಂಬ ಆಸೆ ಅವರದು. ಅದು ಕೈಗೂಡಲಿಲ್ಲ. 1921ರಲ್ಲಿ ವೆಸ್ಟರ್‌ಗ್ರೆನ್ ಕ್ಷಯರೋಗಿಗಳಲ್ಲಿ ಬಳಸಿದ ವಿಧಾನ ಮಾತ್ರ ಗಟ್ಟಿಯಾಗಿ ನಿಂತಿತು.

ಕೆಂಪುಕಣಗಳ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನಿನ ಪ್ರಚೋದನೆಯಿಂದ ಯಕೃತ್ತು ಹೆಚ್ಚು ಫೈಬ್ರಿನೋಜನ್ ತಯಾರಿಸುತ್ತದೆ. ಅದು ನಡುವೆ ಸೇತುವೆಯಾಗಿ, ಕಣಗಳು ನಾಣ್ಯ ಪೇರಿಸಿಟ್ಟಂತೆ ಒಂದಕ್ಕೊಂದು ಅಂಟಿ ಭಾರವಾಗಿ ಮುಳುಗುತ್ತವೆ. ದೇಹದೊಳಗೆ, ರಭಸದ ಅಪಧಮನಿಗಳಲ್ಲಿ ಈ ಪೇರು ಚೆದರುತ್ತದೆ. ಹರಿವು ಮಂದವಾದ ಅಭಿಧಮನಿಗಳಲ್ಲಿ ಉಳಿದು ರಕ್ತವನ್ನು ಮಂದವಾಗಿಸುತ್ತದೆ. ಹೆಪ್ಪಿನ ನೂಲಿಗೆ ಕಚ್ಚಾ ಸಾಮಗ್ರಿಯೂ ಇದೇ ಫೈಬ್ರಿನೋಜನ್. ಹಾಗೆಂದು ಇಎಸ್‌ಆರ್ ಹೆಪ್ಪಿನ ಅಳತೆಗೋಲಲ್ಲ: ಬರೀ ರಕ್ತಹೀನತೆಯಿಂದಲೂ ಅದು ಏರುತ್ತದೆ.

ಹರಿವಿನ ತಡೆ, ನಾಳದ ಗೋಡೆಗೆ ಪೆಟ್ಟು, ರಕ್ತದ ಗುಣದಲ್ಲಿ ಬದಲಾವಣೆ: ಹೆಪ್ಪಿಗೆ ಕಾರಣವೆಂದು ಜರ್ಮನ್ ವೈದ್ಯ ವಿರ್ಖೋ ಹೆಸರಿನಲ್ಲಿ ಹೇಳುವ ಈ ಮೂರಕ್ಕೂ ದೀರ್ಘಕಾಲದ ಉರಿಯೂತ ಕೈಹಚ್ಚುತ್ತದೆ. ಕರುಳಿನ ಹುಣ್ಣಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ವ್ಯಾಪಕವಾಗಿ ಹೆಪ್ಪುಗಟ್ಟಿದ್ದನ್ನು ಮೇಯೊ ಕ್ಲಿನಿಕ್ಕಿನ ಬಾರ್ಗೆನ್ ಮತ್ತು ಬಾರ್ಕರ್ 1936ರಲ್ಲೇ ವರದಿ ಮಾಡಿದ್ದರು. 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಬ್ರಿಟಿಷ್ ಅಧ್ಯಯನ ಅದಕ್ಕೆ ಅಂಕಿ ಕೊಟ್ಟಿತು: ಕರುಳಿನ ಉರಿಯೂತವಿರುವವರಿಗೆ ಅಭಿಧಮನಿ ಹೆಪ್ಪಿನ ಅಪಾಯ ಇತರರಿಗಿಂತ ಸುಮಾರು 3 ಪಟ್ಟು, ಕಾಯಿಲೆ ಕೆರಳಿದಾಗ ಸುಮಾರು 8 ಪಟ್ಟು.

ಉರಿಯೂತ ಇಳಿಸಿದರೆ ಅಪಾಯವೂ ಇಳಿಯಬೇಕಲ್ಲವೆ? ಲೆಕ್ಕ ಅಷ್ಟು ನೇರವಲ್ಲ. ಆಮವಾತದಲ್ಲಿ ಇಎಸ್‌ಆರ್ ತಗ್ಗಿಸುವ ಟೋಫಾಸಿಟಿನಿಬ್ ಮಾತ್ರೆಯ ಹೆಚ್ಚಿನ ಡೋಸ್, ಅಂದರೆ ದಿನಕ್ಕೆರಡು ಬಾರಿ 10 ಮಿಲಿಗ್ರಾಂ, ಹೆಪ್ಪಿನ ಅಪಾಯವನ್ನೇ ಹೆಚ್ಚಿಸುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿತು.